ಕಳಿಸುವ ಗಳಿಗೆಯಲ್ಲಿ ವಿಳಾಸ ಹುಡುಕುವ ಜಾಲಗಳು

ಬೇಡಿಕೆ ಪತ್ರ, ದರಪಟ್ಟಿ, ಬಿಲ್ಲು ಇವನ್ನು ಕಂಪ್ಯೂಟರುಗಳೇ ಕೊಟ್ಟು ತೆಗೆದುಕೊಳ್ಳಬೇಕಾದರೆ ಒಂದಕ್ಕೆ ಇನ್ನೊಂದರ ವಿಳಾಸ ಗೊತ್ತಿರಬೇಕು. ಹಿಂದೆ ಪ್ರತಿ ಸಂಸ್ಥೆಯೂ ತನ್ನ ವ್ಯವಹಾರಸ್ಥರ ವಿಳಾಸಗಳನ್ನು ತಂತ್ರಾಂಶದಲ್ಲಿ ಮೊದಲೇ ಬರೆದಿಟ್ಟುಕೊಳ್ಳುತ್ತಿತ್ತು. ನೂರು ಸಂಸ್ಥೆಗಳು ಹೀಗೆ ಪರಸ್ಪರ ಬೆಸೆದುಕೊಳ್ಳಲು 4,950 ಜೋಡಣೆಗಳು ಬೇಕು. ಆ ಸಂಸ್ಥೆಗಳಲ್ಲೊಂದು ತನ್ನ ಸರ್ವರ್ ಬದಲಿಸಿದರೆ ಉಳಿದ 99ರಲ್ಲೂ ತಿದ್ದಬೇಕು. ಆದ್ದರಿಂದ ಈಗಿನ ಜಾಲಗಳು ವಿಳಾಸವನ್ನು ಕಳಿಸುವ ಹೊತ್ತಿನಲ್ಲೇ ವಿಚಾರಿಸಿಕೊಳ್ಳುತ್ತವೆ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಜನರಿಗೆ ತೆರೆದ ಓಎನ್‌ಡಿಸಿ ಎಂಬ ಆನ್‌ಲೈನ್ ವ್ಯಾಪಾರ ಜಾಲ ಇಂಥದೊಂದು. ಇದಕ್ಕೆ ಆಧಾರ ಬೆಕ್ನ್ ಎಂಬ ಮುಕ್ತ ನಿಯಮಾವಳಿ. ನಮ್ಮ ಯಾತ್ರಿ ಆಟೊ ಆ್ಯಪ್ ನಡೆಯುವುದೂ ಇದರ ಮೇಲೆಯೇ. ಹುಳಿಯಾರು ಬಳಿಯ ಕೆಂಕೆರೆಯ ರೈತರ ಗುಂಪೊಂದು ಅಟ್ಟದಿಂದ ಇಳಿಸಿ ಸುಲಿದ ಉಂಡೆ ಕೊಬ್ಬರಿಯನ್ನು ಒಂದು ಮಾರಾಟದ ಆ್ಯಪ್‌ಗೆ ಸೇರಿಸಿದೆ ಎಂದುಕೊಳ್ಳೋಣ. ಬೆಂಗಳೂರಿನ ಗ್ರಾಹಕರೊಬ್ಬರು ಬೇರೆಯದೇ ಖರೀದಿ ಆ್ಯಪ್‌ನಲ್ಲಿ ‘ಕೊಬ್ಬರಿ’ ಎಂದು ಹುಡುಕುತ್ತಾರೆ. ಈ ಎರಡು ಆ್ಯಪ್‌ಗಳಲ್ಲಿ ಒಂದರ ಪರಿಚಯ ಇನ್ನೊಂದಕ್ಕಿಲ್ಲ.

ಖರೀದಿ ಆ್ಯಪ್ ಒಂದು ಸಂದೇಶ ಸಿದ್ಧಪಡಿಸುತ್ತದೆ. ಸರಕಿನ ವರ್ಗ, ಊರು, ವ್ಯವಹಾರದ ಸಂಖ್ಯೆ, ಉತ್ತರ ಬರಬೇಕಾದ ತನ್ನ ವಿಳಾಸ ಎಲ್ಲವೂ ಅದರಲ್ಲಿರುತ್ತವೆ. ಊರಿನ ಗುರುತಿಗೆ ಬಳಸುವುದು ಹಳೆಯ ಎಸ್‌ಟಿಡಿ ಸಂಕೇತವನ್ನೇ, ಬೆಂಗಳೂರಿಗೆ 080. ಸಂದೇಶ ಜಾಲದ ಹಂಚುಕೇಂದ್ರವಾದ ಗೇಟ್‌ವೇಗೆ ಹೋಗುತ್ತದೆ. ಗೇಟ್‌ವೇ ‘ತಲುಪಿದೆ’ ಎಂದಷ್ಟೇ ತಿಳಿಸಿ, ಆ ವರ್ಗದಲ್ಲಿ ಆ ಊರಿಗೆ ಮಾರುವವರು ಯಾರಿದ್ದಾರೆಂದು ಜಾಲದ ನೋಂದಣಿ ಕೋಶವನ್ನು ಕೇಳುತ್ತದೆ. ಕೋಶ ಕೊಟ್ಟ ವಿಳಾಸಗಳಿಗೆಲ್ಲ ಹುಡುಕಾಟವನ್ನು ಹಂಚುತ್ತದೆ. ಸರಕಿನ ಪಟ್ಟಿಗಳು ಒಂದೊಂದಾಗಿ ಖರೀದಿ ಆ್ಯಪ್‌ಗೆ ಬಂದು ಸೇರುತ್ತವೆ. ಕೊಬ್ಬರಿ ಆಯ್ದ ಮೇಲೆ ಆರ್ಡರ್‌ನ ಮಾತುಕತೆಯೆಲ್ಲ ಎರಡು ಆ್ಯಪ್‌ಗಳ ನಡುವೆ ನೇರ.

ಅಪರಿಚಿತರಿಂದ ಬಂದ ಸಂದೇಶವನ್ನು ನಂಬುವುದು ಹೇಗೆ? ಈ ವಿನ್ಯಾಸದಲ್ಲಿ ಅತ್ಯಂತ ಜಾಣತನದ ಭಾಗ ಇದು. ನೋಂದಣಿ ಕೋಶದಲ್ಲಿ ವಿಳಾಸದ ಜೊತೆಗೆ ಪ್ರತಿಯೊಬ್ಬರ ಸಾರ್ವಜನಿಕ ಕೀಲಿಯೂ ಅದರ ಅವಧಿಯೂ ಇರುತ್ತವೆ. ಕಳಿಸುವವರು ತಮ್ಮ ಖಾಸಗಿ ಕೀಲಿಯಿಂದ ಸಂದೇಶಕ್ಕೆ ಡಿಜಿಟಲ್ ಸಹಿ ಹಾಕುತ್ತಾರೆ. ಪಡೆದವರು ಕೋಶದಲ್ಲಿರುವ ಕಳಿಸಿದವರ ಸಾರ್ವಜನಿಕ ಕೀಲಿಯಿಂದ ಅದನ್ನು ತಾಳೆ ನೋಡುತ್ತಾರೆ. ದಾರಿಯಲ್ಲಿ ಒಂದಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ನಂಬಿಕೆಯೆಲ್ಲ ನಿಂತಿರುವುದು ಕೋಶದ ಮೇಲೆ. ಹಾಗಾಗಿ ಕೋಶಕ್ಕೆ ಯಾರನ್ನು ಸೇರಿಸಿಕೊಳ್ಳಬೇಕೆಂಬ ಪರಿಶೀಲನೆ ಸಡಿಲವಾದರೆ ಇಡೀ ಜಾಲ ಸಡಿಲವಾದಂತೆ.

ಯುರೋಪಿನಲ್ಲಿ 2008ರಲ್ಲಿ ಆರಂಭವಾದ ಪೆಪೋಲ್ ಜಾಲದ ಅಗತ್ಯ ಬೇರೆ. ಅಲ್ಲಿ ಬಿಲ್ಲು ಯಾರಿಗೆಂದು ಮೊದಲೇ ಗೊತ್ತು; ಅವರ ಸರ್ವರ್ ಎಲ್ಲಿದೆ ಎಂಬುದಷ್ಟೇ ಪ್ರಶ್ನೆ. ಪಡೆಯುವವರ ಗುರುತಿನ ಸಂಖ್ಯೆಯನ್ನು ಹ್ಯಾಶ್ ಸೂತ್ರಕ್ಕೆ ಹಾಕಿ, ಬಂದ ಅಕ್ಷರಮಾಲೆಯನ್ನು ಒಂದು ಹೆಸರಾಗಿಸಿ ಹೆಸರಿಗೆ ವಿಳಾಸ ಹೇಳುವ ಅಂತರ್ಜಾಲದ ಡಿಎನ್‌ಎಸ್‌ ವ್ಯವಸ್ಥೆಯಲ್ಲೇ ಹುಡುಕುತ್ತಾರೆ. ಅದು ಪಡೆಯುವವರ ವಿವರವಿರುವ ಸರ್ವರ್‌ನತ್ತ ಕಳಿಸುತ್ತದೆ. ಯಾವ ಬಗೆಯ ದಾಖಲೆ ಸ್ವೀಕಾರಾರ್ಹ, ಎಲ್ಲಿಗೆ ಕಳಿಸಬೇಕು, ಯಾವ ಪ್ರಮಾಣಪತ್ರ ಬಳಸಬೇಕು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಪ್ರತಿ ಬಿಲ್ಲಿಗೂ ಹೊಸದಾಗಿ ಕೇಳಿದರೆ ತಡವಾಗುವುದರಿಂದ ಡಿಎನ್‌ಎಸ್ ಉತ್ತರವನ್ನು ನಿಗದಿತ ಅವಧಿಯವರೆಗೆ ನೆನಪಿಟ್ಟುಕೊಳ್ಳುತ್ತಾರೆ. ಸರ್ವರ್ ಬದಲಿಸಿದವರು ಆ ಅವಧಿ ಮುಗಿಯುವ ತನಕ ಹಳೆಯದನ್ನೂ ನಡೆಸುತ್ತಿರಬೇಕು.