ಥಾಯ್ ಊಟ: ಕೇಳಿ ತಿನ್ನಿ, ಓದಿ ಹಣ ಕೊಡಿ

ಬಿರಿಯಾನಿ, ಶವರ್ಮಾ ಆದ ಮೇಲೆ ಈಗ ನಮ್ಮ ಗೆಳೆಯರ ಬಾಯಲ್ಲಿ ಥಾಯ್ ಊಟದ ಮಾತು. ಬೆಂಗಳೂರಿನ ಹೆಸರುವಾಸಿಯಾದ ಒಂದು ಥಾಯ್ ರೆಸ್ಟೋರೆಂಟ್‌ಗೆ ಈಚೆಗೆ ನಾವು ಐದು ಜನ ಹೋಗಿದ್ದೆವು. ಹೊಸಬರಿಗೆ ಅಲ್ಲಿ ಕಷ್ಟವಾಗುವುದು ಎರಡು: ಮೊದಲು ಬರುವ ಮೆನು, ಕೊನೆಗೆ ಬರುವ ಬಿಲ್. ಎರಡನ್ನೂ ಹೇಗೆ ಓದಬೇಕೆಂದು ಇಲ್ಲಿ ಬರೆದಿದ್ದೇನೆ.

ಮೆನು

ಥಾಯ್ ಅಡುಗೆಯಲ್ಲಿ ಹುಳಿ, ಖಾರ, ಉಪ್ಪು, ಸಿಹಿ ಒಟ್ಟಿಗೆ ಸೇರುತ್ತವೆ. ಟಾಮ್ ಯಮ್ ಎಂದರೆ ಲೆಮನ್ ಗ್ರಾಸ್, ನಿಂಬೆ, ಮೆಣಸಿನಕಾಯಿಯ ಸೂಪ್. ಸೋಮ್ ತಮ್ ಎಂದರೆ ಪರಂಗಿಕಾಯಿಯನ್ನು ಸಣ್ಣಗೆ ಹೆಚ್ಚಿ ಕುಟ್ಟಿ ಮಾಡುವ ಸಲಾಡ್. ಪ್ಯಾಡ್ ಥಾಯ್ ಎಂದರೆ ಹುಣಸೆ ರಸ, ಕಡಲೆಕಾಯಿ ಹಾಕಿ ಹುರಿದ ಅಕ್ಕಿ ನೂಡಲ್ಸ್. ನಮ್ಮ ದಸ್ತರ್‌ಖಾನ್‌ನಂತೆ ಥಾಯ್ಲೆಂಡ್‌ನಲ್ಲೂ ಎಲ್ಲವನ್ನೂ ನಡುವೆ ಇಟ್ಟು, ಅನ್ನದ ಜೊತೆ ಹಂಚಿಕೊಂಡು ತಿನ್ನುತ್ತಾರೆ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಚಾಪ್‌ಸ್ಟಿಕ್ ಹೆಚ್ಚಾಗಿ ನೂಡಲ್ಸ್‌ಗೆ ಮಾತ್ರ.

ನನಗೆ ಬಹಳ ಇಷ್ಟವಾದದ್ದು ಮಸಾಮನ್ ಕರಿ. ಆ ಹೆಸರು ಬಂದಿರುವುದು 'ಮುಸಲ್ಮಾನ್' ಎಂಬ ಪದದಿಂದ. 17ನೇ ಶತಮಾನದಲ್ಲಿ ಅಲ್ಲಿನ ರಾಜಧಾನಿ ಅಯುಥಾಯಕ್ಕೆ ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರು. ಅವರಂಥವರ ಮಸಾಲೆಯೇ ಈ ಕರಿಗೆ ಮೂಲ ಎನ್ನುತ್ತಾರೆ. ಚಕ್ಕೆ, ಲವಂಗ, ಏಲಕ್ಕಿಯ ಜೊತೆ ತೆಂಗಿನ ಹಾಲು, ಆಲೂಗಡ್ಡೆ, ಕಡಲೆಕಾಯಿ ಇರುತ್ತವೆ. ಮನೆಯಲ್ಲಿ ಹೇಳಿದಾಗ ಅಮ್ಮಿ, "ಇದು ನಮ್ಮ ಸಾಲನ್‌ನ ಖಾಲಾಜಾದ್ ಇರಬೇಕು" ಎಂದು ನಕ್ಕರು.

ಹೆಸರಿನಲ್ಲಿ ಮುಸಲ್ಮಾನ್ ಇದ್ದ ಮಾತ್ರಕ್ಕೆ ಅದು ಹಲಾಲ್ ಆಗುವುದಿಲ್ಲ. ಥಾಯ್ ಅಡುಗೆಯಲ್ಲಿ ಹಂದಿ ಮಾಂಸ ಸಾಮಾನ್ಯ. ಆದ್ದರಿಂದ ಆರ್ಡರ್ ಕೊಡುವ ಮೊದಲು ಇಷ್ಟು ಕೇಳಬೇಕು: ಮಾಂಸ ಹಲಾಲ್ ಆಗಿದೆಯೇ? ಹಂದಿ ಮಾಂಸ ಹುರಿದ ಬಾಣಲೆಯಲ್ಲೇ ಇದನ್ನೂ ಮಾಡುತ್ತಾರೆಯೇ? ಸಾಸ್‌ನಲ್ಲಿ ವೈನ್ ಇದೆಯೇ? ಆಯ್‌ಸ್ಟರ್ ಸಾಸ್ ಇದೆಯೇ? ಈ ಕೊನೆಯ ಪ್ರಶ್ನೆ ಮುಖ್ಯವಾಗಿ ನಮ್ಮಂಥ ಹನಫಿಗಳಿಗೆ. ನಾವು ಮೀನು ಬಿಟ್ಟು ಸಮುದ್ರದ ಚಿಪ್ಪುಜೀವಿಗಳನ್ನು ತಿನ್ನುವುದಿಲ್ಲ. ಶಾಫಿ ಗೆಳೆಯರಿಗೆ ಇದರಲ್ಲಿ ಹೆಚ್ಚು ಸಡಿಲ ಇದೆ.

ನಮ್ಮ ಗುಂಪಿನಲ್ಲಿ ಒಬ್ಬ ಸಸ್ಯಾಹಾರಿ ಇದ್ದ. ಅವನ ಪ್ರಶ್ನೆ ಬೇರೆ. ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಹೆಚ್ಚಾಗಿ ಫಿಶ್ ಸಾಸ್ ಮಾಡುತ್ತದೆ. ಕರಿಯ ಮಸಾಲೆಯಲ್ಲಿ ಸೀಗಡಿ ಪೇಸ್ಟ್ ಕೂಡ ಇರಬಹುದು. ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ಕೇಳಲೇಬೇಕು. ಅವನೂ ನಾವೂ ಒಂದೇ ಸಲ ವೇಟರ್ ಅಣ್ಣನನ್ನು ಕೇಳಿದೆವು. ಪಾಪ, ಅವರು ಮೂರು ಸಲ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದರು.

ಬಿಲ್

ಇದು ನಮ್ಮ ಕಾಮರ್ಸ್ ವಿಭಾಗದ ವಿಷಯ. ಸಾಮಾನ್ಯ ರೆಸ್ಟೋರೆಂಟ್‌ನಲ್ಲಿ ಜಿಎಸ್‌ಟಿ ಶೇ. 5. ಬಿಲ್‌ನಲ್ಲಿ ಅದು ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5 ಎಂದು ಎರಡು ಸಾಲಾಗಿರುತ್ತದೆ. ಇದು ಸರ್ಕಾರಕ್ಕೆ ಹೋಗುವ ತೆರಿಗೆ, ಕೊಡಲೇಬೇಕು.

ಕೆಲವು ಕಡೆ ಇದರ ಮೇಲೆ 'ಸರ್ವಿಸ್ ಚಾರ್ಜ್' ಎಂಬ ಇನ್ನೊಂದು ಸಾಲು ಇರುತ್ತದೆ. ಇದು ತೆರಿಗೆಯಲ್ಲ. ಇದನ್ನು ತಾನಾಗಿಯೇ ಬಿಲ್‌ಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಲೆಕ್ಕ ನೋಡಿ. ಊಟ 2,000 ರೂ. ಆದರೆ ಜಿಎಸ್‌ಟಿ 100 ಸೇರಿ 2,100. ಶೇ. 10 ಸರ್ವಿಸ್ ಚಾರ್ಜ್ ಹಾಕಿದರೆ 2,200, ಅದರ ಮೇಲೆ ಜಿಎಸ್‌ಟಿ 110, ಒಟ್ಟು 2,310. ವ್ಯತ್ಯಾಸ 210 ರೂ. ಐದು ಜನರಿಗೆ ಹಂಚಿದರೆ ತಲೆಗೆ 42. ಅಬ್ಬಾ ಕೊಡುವ ಪಾಕೆಟ್ ಮನಿಯಲ್ಲಿ ಇದು ಸಣ್ಣ ಮೊತ್ತವಲ್ಲ.

ನಮ್ಮ ಬಿಲ್‌ನಲ್ಲೂ ಆ ಸಾಲು ಇತ್ತು. ಮ್ಯಾನೇಜರ್ ಹತ್ತಿರ ಹೋಗಿ, "ಸರ್, ಇದನ್ನು ದಯವಿಟ್ಟು ತೆಗೆಯಿರಿ" ಎಂದೆವು. ಜಗಳ ಏನೂ ಆಗಲಿಲ್ಲ, ಹೊಸ ಬಿಲ್ ಬಂತು. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಆದರೆ ಸರ್ವಿಸ್ ಚಾರ್ಜ್ ಬೇಡ ಎಂದರೆ ಕೆಲಸ ಮಾಡಿದವರಿಗೆ ಏನೂ ಕೊಡಬಾರದು ಎಂದಲ್ಲ. ಟಿಪ್ಸ್ ನಮ್ಮ ಇಷ್ಟ. ಮೂರು ಸಲ ಅಡುಗೆಮನೆಗೆ ಓಡಾಡಿದ ಆ ಅಣ್ಣನ ಕೈಗೆ ನಾವು ನೇರವಾಗಿ 100 ರೂ. ಕೊಟ್ಟೆವು.