ಕಾರಿನ ತಲೆ ಕೆಟ್ಟಿತೋ, ಅರ್ಥ್ ವೈರು ಕೆಟ್ಟಿತೋ?

ಲಗ್ಗೆರೆ ಸೇತುವೆಯ ಹತ್ತಿರ ಬಸ್ಸಿಗೆ ಕಾಯುವ ಮಂದಿ ಹೋದ ತಿಂಗಳು ಒಂದು ಬಿಳಿ ಕಾರನ್ನು ಕಂಡಿರಬಹುದು. ಬಾನೆಟ್ಟು ಬಾಯಿ ತೆರೆದುಕೊಂಡು ಎರಡು ದಿನ ರಸ್ತೆ ಪಕ್ಕದಲ್ಲಿ ನಿಂತಿತ್ತು. ಅದರ ಒಡೆಯರು ನಮ್ಮ ಬೀದಿಯ ದಿನಸಿ ಅಂಗಡಿಯವರು. ಬೆಳಗಿನ ಜಾವ ಯಶವಂತಪುರ ಯಾರ್ಡಿಗೆ ಹೋಗಿ ಬೇಳೆ, ಸಕ್ಕರೆ, ಎಣ್ಣೆ ಟಿನ್ನು ಹೇರಿಕೊಂಡು ಬರಲು ಅವರಿಗೆ ಆ ಹನ್ನೆರಡು ವರ್ಷದ ಹಳೇ ಕಾರೇ ಗತಿ. ಅದರಲ್ಲೂ ಹಬ್ಬದ ವಾರ. ಕಾರು ನಿಂತರೆ ಅಂಗಡಿ ನಿಂತ ಹಾಗೆಯೇ.

ರೋಗ ಏನಪ್ಪಾ ಅಂದರೆ, ಒಮ್ಮೆ ಸ್ಟಾರ್ಟ್ ಆಗುತ್ತದೆ, ಇನ್ನೊಮ್ಮೆ ಇಲ್ಲ. ಚೆನ್ನಾಗಿ ಓಡುತ್ತಿದ್ದದ್ದು ಸಿಗ್ನಲ್ಲಿನಲ್ಲಿ ತಟಕ್ಕನೆ ಆಫ್. ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಬರುತ್ತದೆ, ಹೋಗುತ್ತದೆ. ಅಂಗಡಿಯವರು ಕಾರನ್ನು ಎಳೆಸಿಕೊಂಡು ಒಂದು ದೊಡ್ಡ ಸರ್ವಿಸ್ ಸ್ಟೇಷನ್ನಿಗೆ ಹೋದರು. ಅಲ್ಲಿಯ ಹುಡುಗ ಸ್ಕ್ಯಾನರ್ ಚುಚ್ಚಿ ನೋಡಿ ತೀರ್ಪು ಕೊಟ್ಟ.

"ಇಸಿಎಂ ಹೋಗಿದೆ ಸಾರ್. ಬದಲಾಯಿಸ್ಬೇಕು. 34 ಸಾವಿರ ಆಗುತ್ತೆ."

"ಗ್ಯಾರಂಟಿನಾ?"

"ಹಾಕಿ ನೋಡಿದ್ರೆ ಗೊತ್ತಾಗುತ್ತೆ ಸಾರ್."

"ಹಾಕಿ ನೋಡೋಕೆ ಇದೇನು ಬನಿಯನ್ನೇನಪ್ಪಾ?"

ಅಂಗಡಿಯವರ ಈ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ. ಆದರೆ ಕಾರಿಟ್ಟುಕೊಂಡ ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆ ಅದೇ.

ಏನಿದು ಪೆಟ್ಟಿಗೆ?

ಇಸಿಎಂ ಎಂದರೆ ಎಲೆಕ್ಟ್ರಾನಿಕ್ ಕಂಟ್ರೋಲ್ ಮಾಡ್ಯೂಲ್. ಕೆಲವರು ಇಸಿಯು ಎಂದೂ ಕರೆಯುತ್ತಾರೆ. ಊಟದ ಡಬ್ಬಿಯಷ್ಟು ಗಾತ್ರದ ಒಂದು ಪೆಟ್ಟಿಗೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರಲ್ಲಿ ಇಂಥದ್ದು ಇರಲಿಲ್ಲ. ಕಾರ್ಬುರೇಟರ್ ಇತ್ತು. ಕೆಟ್ಟರೆ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಬಾಯಿಂದ ಊದಿ ಮತ್ತೆ ಕೂರಿಸಿದರೆ ಗಾಡಿ ಓಡುತ್ತಿತ್ತು.

2000ದಿಂದ ಹೊಗೆಯ ಕಾನೂನು ಬಿಗಿಯಾಯಿತು. ಬೆಂಗಳೂರಿಗೆ 2010ರ ಏಪ್ರಿಲಿನಲ್ಲಿ ಬಿಎಸ್-4 ಬಂತು, 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂದು ಲೆಕ್ಕ ಹಾಕುವ ಕೆಲಸ ಈ ಪೆಟ್ಟಿಗೆಯ ಪಾಲಾಯಿತು. ಪೆಟ್ರೋಲು, ಕಿಡಿ ಎರಡನ್ನೂ ಒಂದೇ ಪೆಟ್ಟಿಗೆಯ ಕೈಗೆ ಕೊಡುವ ಏರ್ಪಾಟನ್ನು ಜರ್ಮನಿಯ ಬಾಷ್ ಕಂಪನಿ 1979ರಲ್ಲೇ ಮಾಡಿತ್ತು. ಆ ಕಂಪನಿ ನಮ್ಮ ಊರಿಗೆ ಹೊಸದೇನಲ್ಲ. ಆಡುಗೋಡಿಯಲ್ಲಿ ಬೆಳೆದ ನಮ್ಮ ಮೈಕೋ ಅದರದೇ ಕುಡಿ. 1951ರಲ್ಲಿ ಹುಟ್ಟಿದ ಮೈಕೋ 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು.

ಕಾರಿಲ್ಲದವರು ನಮಗೇನು ಎಂದು ಪುಟ ತಿರುವಬೇಡಿ. ಈಗಿನ ಡೀಸೆಲ್ ಬಸ್ಸಿನ ಎಂಜಿನ್ನಿಗೂ ಇಂಥದೇ ಒಂದು ಪೆಟ್ಟಿಗೆ ಇದೆ. ಅದು ಮುನಿದರೆ ನೀವೂ ನಡುರಸ್ತೆಯಲ್ಲಿ ಇಳಿಯಬೇಕಾದವರೇ.

ಗುಜರಿಯ ಪಾಠ

34 ಸಾವಿರ ಎಲ್ಲಿಂದ ತರುವುದು? ಅಂಗಡಿಯವರ ಭಾವಮೈದ ಒಂದು ಉಪಾಯ ಹೇಳಿದ. "ಭಾವ, ಗುಜರೀಲಿ ಇದೇ ಮಾಡಲ್ ಕಾರಿನ ಪೆಟ್ಟಿಗೆ ಸಿಗುತ್ತೆ. ನಂಬರ್ ಒಂದೇ ಇದ್ರೆ ಸಾಕು." ಇಬ್ಬರೂ ಹೋಗಿ ಮೇಲೆ ಬರೆದ ನಂಬರು ಅಕ್ಷರಕ್ಷರ ಹೊಂದುವ ಪೆಟ್ಟಿಗೆಯನ್ನು 6 ಸಾವಿರಕ್ಕೆ ತಂದರು. ಹಾಕಿದರು. ಕೀ ತಿರುಗಿಸಿದರು. ಎಂಜಿನ್ನು ಒಂದು ಕ್ಷಣ ಗುರ್ ಎಂದಿತು, ಸತ್ತಿತು. ಮತ್ತೆ ತಿರುಗಿಸಿದರು. ಮತ್ತೆ ಅದೇ.

ಕಾರಣ ಸರಳ. ಈಗಿನ ಕಾರಿನ ಕೀಲಿಯೊಳಗೆ ಒಂದು ಪುಟ್ಟ ಚಿಪ್ಪು ಇರುತ್ತದೆ. ಕಳ್ಳರ ಕೈಗೆ ಸಿಗದಿರಲಿ ಎಂದು ಪೆಟ್ಟಿಗೆಯು ತನಗೆ ಗುರುತಿರುವ ಕೀಲಿಗೆ ಮಾತ್ರ ಎಂಜಿನ್ ಓಡಲು ಬಿಡುತ್ತದೆ. ಗುಜರಿ ಪೆಟ್ಟಿಗೆಗೆ ಹಳೇ ಯಜಮಾನನ ಕೀಲಿಯ ನೆನಪು. ನಮ್ಮ ಅಂಗಡಿಯವರ ಕೀಲಿ ಅದಕ್ಕೆ ಅಪರಿಚಿತ. ಪರಿಚಯ ಮಾಡಿಸಲು ಬೇರೆ ಯಂತ್ರ ಬೇಕು, ಬಲ್ಲ ಕೈ ಬೇಕು. ವಾಪಸ್ ಕೊಡೋಣವೆಂದರೆ ಗುಜರಿಯವನು "ಕರೆಂಟಿನ ಸಾಮಾನು ವಾಪಸ್ ಇಲ್ಲ" ಎಂದ. 6 ಸಾವಿರ ನೀರಿನಲ್ಲಿ ಹೋಮ.

ಮೇಸ್ತ್ರಿ ಬಂದರು

ಕೊನೆಗೆ ಅವರು ಹೋದದ್ದು ಲಗ್ಗೆರೆಯದೇ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿಗೆ. ವಯಸ್ಸಾದ ಮೇಸ್ತ್ರಿ. ಸಣ್ಣ ಅಂಗಡಿ, ಬಾಗಿಲಲ್ಲಿ ಹಳೇ ಬ್ಯಾಟರಿಗಳ ಸಾಲು. ಕಾರಿನ ಸ್ವಂತ ಪೆಟ್ಟಿಗೆಯನ್ನೇ ಮತ್ತೆ ಹಾಕಿಸಿದರು. ಆಮೇಲೆ ಒಂದು ಮೀಟರು ಹಿಡಿದರು.

"ಸೆಲ್ಫ್ ಹೊಡೀರಿ ಯಜಮಾನ್ರೇ."

ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಇವೆರಡೂ ದಪ್ಪ ವೈರಿನಿಂದ ಒಂದೇ ಆಗಿರಬೇಕು, ನಡುವೆ ವೋಲ್ಟೇಜು ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಮೀಟರು 2 ವೋಲ್ಟು ತೋರಿಸಿತು. ಮೇಸ್ತ್ರಿ ನಕ್ಕರು. ಬ್ಯಾಟರಿ ಕೂರುವ ತಟ್ಟೆ ಎತ್ತಿದರೆ, ಕೆಳಗೆ ಬಾಡಿಗೆ ಕಚ್ಚಿಸಿದ ಅರ್ಥ್ ವೈರಿನ ಬೋಲ್ಟು ಹಸಿರು ಕಿಲುಬು ಹಿಡಿದು ಕುಳಿತಿತ್ತು. ವೈರಿನ ಅರ್ಧ ಎಳೆಗಳು ಒಳಗೇ ಕರಗಿಹೋಗಿದ್ದವು.

ವೈರು ಬದಲಾಯಿತು. ಬೋಲ್ಟಿನ ಜಾಗವನ್ನು ಮರಳು ಕಾಗದದಲ್ಲಿ ಉಜ್ಜಿ ಗ್ರೀಸು ಹಚ್ಚಿದ್ದಾಯಿತು. ಕಾರು ಮೊದಲ ಸಲಕ್ಕೇ ಸ್ಟಾರ್ಟ್. ಮೇಸ್ತ್ರಿ ತೆಗೆದುಕೊಂಡದ್ದು 600 ರೂಪಾಯಿ. ಹೋಗುವಾಗ ಒಂದು ಮಾತು ಹೇಳಿದರು: "ಅರ್ಥ್ ಸರಿ ಇಲ್ದಿದ್ರೆ ಎಲ್ಲಾನೂ ಅನರ್ಥ ಯಜಮಾನ್ರೇ. ಪಾಪ, ಪೆಟ್ಟಿಗೆ ಏನ್ ಮಾಡುತ್ತೆ?"

ಪೆಟ್ಟಿಗೆ ನಿಜಕ್ಕೂ ಕೆಟ್ಟಾಗ

ಹಾಗೆಂದು ಪೆಟ್ಟಿಗೆ ಕೆಡುವುದೇ ಇಲ್ಲ ಎಂದಲ್ಲ. ಅದೇ ಮೇಸ್ತ್ರಿಯ ಅಂಗಡಿ ಮುಂದೆ ನಾವು ಕಂಡ ಇನ್ನೊಂದು ಕಾರು ಹೆಗ್ಗನಹಳ್ಳಿ ಕಡೆಯ ಟ್ಯಾಕ್ಸಿ ಚಾಲಕರೊಬ್ಬರದು. ಜೋರು ಮಳೆಯಲ್ಲಿ ಕೆಳಸೇತುವೆಯ ನೀರಿಗೆ ಇಳಿಸಿದ್ದರು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ನೀರಿನಲ್ಲಿ ಮುಳುಗಿ ನಿಂತದ್ದು ನೆನಪಿದೆಯಲ್ಲ? ಈ ಪೆಟ್ಟಿಗೆಗೆ ನೀರೇ ಪರಮ ವೈರಿ.

ಮೇಸ್ತ್ರಿ ಇಲ್ಲಿಯೂ ಮೊದಲು ಪೆಟ್ಟಿಗೆಯನ್ನು ದೂರಲಿಲ್ಲ. ಫ್ಯೂಸು ನೋಡಿದರು, ರಿಲೇ ನೋಡಿದರು, ಪೆಟ್ಟಿಗೆಗೆ 12 ವೋಲ್ಟು ಬರುತ್ತಿದೆಯೇ, ಅರ್ಥ್ ಸರಿಯಿದೆಯೇ ನೋಡಿದರು. ಎಲ್ಲ ಸರಿ. ಪೆಟ್ಟಿಗೆಯು ಸೆನ್ಸರುಗಳಿಗೆ 5 ವೋಲ್ಟು ಕಳಿಸಬೇಕು. ಅದು ಬರುತ್ತಿರಲಿಲ್ಲ. ಸೆನ್ಸರುಗಳ ಪ್ಲಗ್ಗುಗಳನ್ನು ಒಂದೊಂದಾಗಿ ಕಳಚಿ ನೋಡಿದರು. ಯಾವುದೋ ಒಂದು ಸೆನ್ಸರು ಒಳಗೇ ಶಾರ್ಟ್ ಆದರೆ ಅದೇ ಆ 5 ವೋಲ್ಟನ್ನು ನುಂಗಿಬಿಡುತ್ತದಂತೆ, ಆಗಲೂ ಪೆಟ್ಟಿಗೆ ಸತ್ತ ಹಾಗೆಯೇ ಕಾಣುತ್ತದಂತೆ. ಎಲ್ಲ ಕಳಚಿದರೂ ವೋಲ್ಟು ಬರಲಿಲ್ಲ. ಸ್ಕ್ಯಾನರಿಗೂ ಉತ್ತರವಿಲ್ಲ. ಮುಚ್ಚಳ ಬಿಚ್ಚಿದರೆ ಒಳಗೆ ಬಿಳಿ ಉಪ್ಪು, ಕಾಲು ಕೊಳೆತ ಚಿಪ್ಪುಗಳು. ಆಗ ಮಾತ್ರ "ಇದು ಹೋಗಿದೆ" ಎಂದರು.

ಬದಲಿ ಪೆಟ್ಟಿಗೆ ಹಾಕುವುದಕ್ಕೂ ಒಂದು ಕ್ರಮವಿದೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು. ಹಳೇ ಪೆಟ್ಟಿಗೆಯ ಪೂರ್ತಿ ನಂಬರು ಹೊಂದಬೇಕು, ಮಾಡಲ್ ಒಂದೇ ಆದರೆ ಸಾಲದು. ಪ್ಲಗ್ಗಿನ ಪಿನ್ನುಗಳಲ್ಲಿ ಕಿಲುಬಿದ್ದರೆ ಮೊದಲು ಅದನ್ನು ಸರಿಮಾಡಬೇಕು. ಮುಖ್ಯವಾದದ್ದು ಇನ್ನೊಂದು: ಹಳೆಯದು ಯಾಕೆ ಸತ್ತಿತು ಎಂದು ಹುಡುಕಬೇಕು. ಈ ಟ್ಯಾಕ್ಸಿಯಲ್ಲಿ ಒಂದು ಇಗ್ನಿಷನ್ ಕಾಯಿಲ್ಲು ಶಾರ್ಟ್ ಆಗಿತ್ತು. ಅದನ್ನು ಹಾಗೇ ಬಿಟ್ಟು ಹೊಸದನ್ನು ಹಾಕಿದ್ದರೆ ಹೊಸದೂ ಸುಡುತ್ತಿತ್ತು. ಕೊನೆಗೆ ಕಾರಿನ ಪ್ರೋಗ್ರಾಂ ತುಂಬಿಸಿ, ಕೀಲಿಯನ್ನು ಪರಿಚಯ ಮಾಡಿಸಬೇಕು. ಹೊಸ ಡೀಸೆಲ್ ಕಾರಾದರೆ ಎಷ್ಟೋ ಮಾಡಲ್ಲುಗಳಲ್ಲಿ ಪ್ರತಿ ಇಂಜೆಕ್ಟರಿನ ಮೇಲೆ ಬರೆದ ಕೋಡನ್ನೂ ಬರೆಯಿಸಬೇಕು.

ಚಾಲಕರಿಗೆ ನಾಲ್ಕು ದಿನದ ದುಡಿಮೆ ಹೋಯಿತು. "ಗಾಡಿ ನಿಂತ್ರೂ ಕಂತು ನಿಲ್ಲಲ್ಲ ಅಣ್ಣ" ಎಂದರು ಮೇಸ್ತ್ರಿಗೆ. ನಿಜ. ಆದರೆ ಎರಡು ಪೆಟ್ಟಿಗೆಯ ದುಡ್ಡು ಹೋಗುವುದು ತಪ್ಪಿತು.

ಹಣ ಕೊಡುವ ಮುನ್ನ

ಓದುಗರು ಇದನ್ನು ಕತ್ತರಿಸಿ ಕಾರಿನ ಡ್ರಾಯರಿನಲ್ಲಿ ಇಟ್ಟುಕೊಳ್ಳಬಹುದು.

ಕೀ ಹಾಕಿ ಆನ್ ಮಾಡಿದಾಗ ಎಂಜಿನ್ ಚಿತ್ರದ ಹಳದಿ ದೀಪ ಬರಬೇಕು, ಎಂಜಿನ್ ಓಡಿದ ಮೇಲೆ ಆರಬೇಕು. ಬರಲೇ ಇಲ್ಲವೆಂದರೆ ಬಲ್ಬು, ಫ್ಯೂಸು, ರಿಲೇ, ಅರ್ಥ್ ಮೊದಲು ನೋಡಿಸಿ.

ಬ್ಯಾಟರಿ ಹಳೆಯದಾಗಿದ್ದರೆ ಅದನ್ನು ಪರೀಕ್ಷೆ ಮಾಡಿಸಿ. ವೋಲ್ಟು ಇಳಿದರೆ ಪೆಟ್ಟಿಗೆ ತಲೆತಿರುಗಿದವನಂತೆ ಮಾತಾಡುತ್ತದೆ.

ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ ಮತ್ತು ಎಂಜಿನ್ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ಕೆಟ್ಟಿದೆ ಎಂದೇ ತಿಳಿಯಿರಿ.

ಇಲಿ ವೈರು ಕಡಿದಿದೆಯೇ ನೋಡಿ. ರಾತ್ರಿ ಬೀದಿಯಲ್ಲಿ ನಿಲ್ಲುವ ಕಾರಿನ ಬಾನೆಟ್ಟು ಇಲಿಗೆ ಬೆಚ್ಚನೆ ಮನೆ.

ನೀರಿನಲ್ಲಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಬ್ಯಾಟರಿ ಬಿಚ್ಚಿ, ಎಳೆಸಿಕೊಂಡು ಹೋಗಿ. ಎಂಜಿನ್ನಿಗೆ ಪ್ರೆಷರ್ ನೀರು ಹೊಡೆಸುವುದೂ ಬೇಡ.

"ಪೆಟ್ಟಿಗೆ ಹೋಗಿದೆ" ಎಂದವರನ್ನು ಮೂರು ಪ್ರಶ್ನೆ ಕೇಳಿ: 12 ವೋಲ್ಟು ಬರುತ್ತಾ? ಅರ್ಥ್ ನೋಡಿದ್ರಾ? 5 ವೋಲ್ಟು ಹೋಗ್ತಾ ಇದೆಯಾ? ಮೂರಕ್ಕೂ ಮೀಟರು ಹಿಡಿದು ಉತ್ತರ ತೋರಿಸಿದರೆ ಜೇಬಿಗೆ ಕೈ ಹಾಕಿ.

ಕಂಪನಿಯ ತಯಾರಿಕೆಯಲ್ಲೇ ದೋಷವಿದ್ದರೆ ದುಡ್ಡು ನಿಮ್ಮದಲ್ಲ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷಿಸಿ ಅಗತ್ಯವಿದ್ದರೆ ಉಚಿತವಾಗಿ ಬದಲಾಯಿಸಲು 17,362 ಕಾರುಗಳನ್ನು ವಾಪಸು ಕರೆದಿತ್ತು. ನಿಮ್ಮ ಛಾಸಿ ನಂಬರು ಹೇಳಿ, ಇಂಥ ಕರೆ ಇದೆಯೇ ಎಂದು ಕಂಪನಿಯಲ್ಲಿ ವಿಚಾರಿಸಿ.

ಬೀಗದ ಕೈ ಯಾರ ಬಳಿ?

ಕೊನೆಯದಾಗಿ ಒಂದು ಮಾತು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಕೈಗಳು ಲಗ್ಗೆರೆಯ ಮನೆಮನೆಯಲ್ಲೂ ಇವೆ. ಲೋಹ ಕಡಿಯುವುದು, ವೈರು ಕಟ್ಟುವುದು ಇವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಕಾರಿನ ವೈರಿಂಗ್ ನಕ್ಷೆ, ಪ್ರೋಗ್ರಾಂ ತುಂಬಿಸುವ ಯಂತ್ರ ಸಣ್ಣ ಗ್ಯಾರೇಜಿಗೆ ಸಲೀಸಾಗಿ ಸಿಗುವುದಿಲ್ಲ. ಬಿಡಿಭಾಗ ಮತ್ತು ರೋಗ ಹುಡುಕುವ ಸಾಧನಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ "ರಿಪೇರಿ ಹಕ್ಕು" ಎಂಬ ಜಾಲತಾಣ ತೆರೆಯಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ.

ಹಕ್ಕು ಕಾಗದದ ಮೇಲೆ ಬಂದರೆ ಸಾಲದು, ಮೇಸ್ತ್ರಿಯ ಬೆಂಚಿನ ಮೇಲೆ ಬರಬೇಕು. ನಕ್ಷೆ ಸಿಕ್ಕರೆ 600 ರೂಪಾಯಿಯ ರೋಗಕ್ಕೆ 34 ಸಾವಿರದ ಮದ್ದು ಬರೆಯುವ ಕಾಲ ಹೋಗುತ್ತದೆ. ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?

ಅಂದಹಾಗೆ, ದಿನಸಿ ಅಂಗಡಿಯವರ ಕಾರು ಈಗ ದಿನವೂ ಯಾರ್ಡಿಗೆ ಹೋಗಿ ಬರುತ್ತಿದೆ. ಗುಜರಿಯಿಂದ ತಂದ ಆ 6 ಸಾವಿರದ ಪೆಟ್ಟಿಗೆ ಅಂಗಡಿಯ ಗಲ್ಲಾದ ಮೇಲಿದೆ, ಬಿಲ್ಲುಗಳು ಹಾರದಂತೆ ಭಾರಕ್ಕೆ. ಯಾರಾದರೂ ಏನಿದು ಎಂದು ಕೇಳಿದರೆ "ನನ್ನ ಬುದ್ಧಿ" ಎನ್ನುತ್ತಾರೆ.