ಗಂಟಿಲ್ಲದ ನಂಟು

ಸಂಕ್ರಮಣಕ್ಕೆ ಇನ್ನೂ ಹದಿನೈದು ದಿನಗಳಿರುವಾಗಲೇ ಧಾರವಾಡದ ನಮ್ಮ ಮನೆಯ ಪಡಸಾಲೆ ಒಂದು ಸಣ್ಣ ಕಾರ್ಖಾನೆಯಾಗಿ ಮಾರ್ಪಡುತ್ತಿತ್ತು. ಚಾಪೆಯ ಮೇಲೆ ದಪ್ಪನೆಯ ಬಿಳಿಯ ಕಾಗದ, ಕತ್ತರಿ, ಅಂಟು, ಚೌಕುಳಿ ಗೆರೆಗಳಿದ್ದ ಲೆಕ್ಕದ ಪುಸ್ತಕದ ಹಾಳೆಗಳು; ಇವೆಲ್ಲದರ ನಡುವೆ ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು ಕುಳಿತ ನನ್ನ ಅಜ್ಜಿ. ಕಾಗದದಲ್ಲಿ ಸಮಾನ ಅಂತರಕ್ಕೆ ಸೂಜಿಯಿಂದ ರಂಧ್ರಗಳನ್ನು ಚುಚ್ಚಿಕೊಡುವುದು ಹುಡುಗನಾಗಿದ್ದ ನನ್ನ ಪಾಲಿನ ಕೆಲಸ. ಆ ರಂಧ್ರಗಳಲ್ಲಿ ಅಜ್ಜಿ ಬಣ್ಣದ ದಾರವನ್ನು ಹಾಯಿಸಿ ತುಳಸಿಕಟ್ಟೆಯನ್ನೋ ನವಿಲನ್ನೋ ಮೂಡಿಸುತ್ತಿದ್ದಳು. ಅದರ ಕೆಳಗೆ ಒಂದು ಪುಟ್ಟ ಪೊಟ್ಟಣದಲ್ಲಿ ಹತ್ತೆಂಟು ಕಾಳು ಕುಸುರೆಳ್ಳು. ಲಕೋಟೆ ಸೇರಿದ ಆ ಕಾರ್ಡು ಹುಬ್ಬಳ್ಳಿಗೋ ಬೆಳಗಾವಿಗೋ ಪುಣೆಗೋ ಹೊರಟಿತೆಂದರೆ ನಮಗೆ ಹಬ್ಬ ಬಂದಂತೆಯೇ.

ಸಂಕ್ರಮಣದಲ್ಲಿ ಎಳ್ಳು ಬೀರುವ ಸಂಪ್ರದಾಯ ನಾಡಿನಲ್ಲೆಲ್ಲ ಇದೆ. ದೂರದಲ್ಲಿರುವವರಿಗೆ ಅದನ್ನು ಶುಭಾಶಯದ ಕಾರ್ಡಿನೊಡನೆ ಅಂಚೆಯಲ್ಲಿ ಕಳುಹಿಸುವ ರೂಢಿ ಉತ್ತರ ಕರ್ನಾಟಕದ ಊರುಗಳಲ್ಲಿ ಬಹುಕಾಲ ಚೆನ್ನಾಗಿ ನಡೆದಿತ್ತು. ಅಂಗಡಿಗಳಲ್ಲಿ ಬಣ್ಣಬಣ್ಣದ ಅಚ್ಚಿನ ಕಾರ್ಡುಗಳು ಬೇಕಾದಷ್ಟು ಸಿಕ್ಕುತ್ತಿದ್ದುವು. ಆದರೆ ಅಜ್ಜಿ ಕೊಂಡ ಕಾರ್ಡನ್ನು ಯಾರಿಗೂ ಕಳುಹಿಸಿದವಳಲ್ಲ. ಒಮ್ಮೆ ನಾನು, ಇಷ್ಟೇಕೆ ಕಷ್ಟಪಡುವುದು, ನಾಲ್ಕು ರೂಪಾಯಿ ಕೊಟ್ಟರೆ ಸಿಕ್ಕುತ್ತದಲ್ಲ ಎಂದೆ. ಅಜ್ಜಿ ತಲೆಯೆತ್ತದೆ ಹೇಳಿದಳು: “ಕೊಂಡು ಕಳಿಸಿದ್ರ ಅಂಗಡಿಯವನ ನೆನಪಾಗತದ. ಮಾಡಿ ಕಳಿಸಿದ್ರ ನನ್ನ ನೆನಪಾಗತದ.”

ಮುಂದೆ ಶುಭಾಶಯದ ಕಾರ್ಡಿನ ಚರಿತ್ರೆಯನ್ನು ಓದಿದಾಗ ಈ ಮಾತಿನ ಸತ್ಯ ನನಗೆ ಇನ್ನಷ್ಟು ಸ್ಪಷ್ಟವಾಯಿತು. ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿ 1843ರಲ್ಲಿ ತನ್ನ ಮಿತ್ರರಿಗೆಲ್ಲ ಪ್ರತ್ಯೇಕವಾಗಿ ಕಾಗದ ಬರೆಯಲು ಸಮಯವಿಲ್ಲದೆ, ಜಾನ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರವನ್ನು ಬರೆಸಿ, ಅದನ್ನು ಅಚ್ಚು ಹಾಕಿಸಿದನು. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಅದೇ. ಬೆಲೆ ಒಂದು ಶಿಲಿಂಗ್. ಎಂದರೆ ಅಚ್ಚಿನ ಕಾರ್ಡು ಹುಟ್ಟಿದ್ದೇ ಬಿಡುವಿಲ್ಲದವನ ಮೇಜಿನ ಮೇಲೆ! ಕೈಯಾರೆ ಮಾಡಿದ ಕಾರ್ಡಿನ ಕಥೆ ಬೇರೆ. ಅದು ಕೊಡುವುದು ಬಿಡುವನ್ನೇ. ತನ್ನ ಆಯುಷ್ಯದ ಒಂದು ಸಂಜೆಯನ್ನು ಮಡಿಸಿ ಲಕೋಟೆಯಲ್ಲಿಟ್ಟು ಕಳುಹಿಸಿದಂತೆ.

ಕಾರ್ಡಿನ ಮೇಲೆ ಸೂಜಿಯಾಡಿಸುವುದು ನಮ್ಮವರ ವಿಶೇಷವೆಂದು ನಾನು ತಿಳಿದಿದ್ದೆ. ಹಾಗಲ್ಲ. 1914ರಿಂದ 1918ರ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂಗಳ ಹೆಂಗಸರು ತೆಳುವಾದ ರೇಷ್ಮೆಯ ಪಟ್ಟಿಗಳ ಮೇಲೆ ಹೂವು, ಬಾವುಟ, ಶುಭಾಶಯದ ಮಾತುಗಳನ್ನು ಹೊಲಿಯುತ್ತಿದ್ದರು. ಅವನ್ನು ಕತ್ತರಿಸಿ ಕಾರ್ಡಿಗೆ ಅಂಟಿಸಿ ಮಾರುತ್ತಿದ್ದರು. ರಣಭೂಮಿಯ ಸೈನಿಕರು ಕೊಂಡು ತಾಯಿಗೋ ಮಡದಿಗೋ ಕಳುಹಿಸುತ್ತಿದ್ದರು. ಕೆಲವು ಕಾರ್ಡುಗಳ ರೇಷ್ಮೆಯಲ್ಲಿ ಪುಟ್ಟ ಜೇಬಿನಂಥ ಮಡಿಕೆಯಿದ್ದು, ಅದರೊಳಗೆ ಇನ್ನೊಂದು ಚಿಕ್ಕ ಕಾರ್ಡು ಇರುತ್ತಿತ್ತು. ಇದನ್ನು ಓದಿದಾಗ ನನ್ನ ಕಣ್ಮುಂದೆ ಬಂದದ್ದು ಅಜ್ಜಿಯ ಕುಸುರೆಳ್ಳಿನ ಪೊಟ್ಟಣ.

ಅಜ್ಜಿ ಕಾಗದದ ಮೇಲೆ ಹಾಕುತ್ತಿದ್ದುದು ನಮ್ಮ ಧಾರವಾಡದ ಕಸೂತಿ. ವಾಚಕರಲ್ಲಿ ಅನೇಕರ ಮನೆಗಳಲ್ಲಿ ಕಸೂತಿಯ ಇಳಕಲ್ಲ ಸೀರೆಯೊಂದಾದರೂ ಇದ್ದೀತು. ಗೋಪುರ, ತೇರು, ಪಲ್ಲಕ್ಕಿ, ಅಂಬಾರಿಯ ಆನೆ, ನಂದಿ, ತೊಟ್ಟಿಲು, ಗಿಳಿ, ಕಮಲ ಇವೇ ಅದರ ಸಂಸಾರ. ಹಿಂದೆ ಮದುಮಗಳಿಗೆ ಕೊಡುವ ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯ ಮೇಲೆ ಈ ಸಂಸಾರವೆಲ್ಲ ನೆರೆಯುತ್ತಿತ್ತು. ಈ ಹೊಲಿಗೆಗೆ ಬಟ್ಟೆಯ ಮೇಲೆ ಸೀಸದಕಡ್ಡಿಯ ಗೆರೆಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಸಾಗಬೇಕು. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಆನೆಗೇ ಸೇರದು.

ಕಸೂತಿಯ ಹೊಲಿಗೆಗಳು ನಾಲ್ಕು. ಗೆರೆಯಾಗಿ ಸಾಗುವುದು ಗವಂತಿ; ಮೆಟ್ಟಿಲುಮೆಟ್ಟಿಲಾಗಿ ಏರುವುದು ಮುರ್ಗಿ; ನೇಯ್ದಂತೆ ಕಾಣುವುದು ನೇಗಿ; ಮೆಂತ್ಯದ ಕಾಳಿನಂತೆ ತುಂಬಿಕೊಳ್ಳುವುದು ಮೆಂತಿ. ಗವಂತಿಯೆಂಬ ಹೆಸರು ‘ಗಂಟು’ ಎಂಬ ಮಾತಿನಿಂದ ಬಂದುದೆಂದು ಹೇಳುವುದುಂಟು. ವಿನೋದವೆಂದರೆ, ಕಸೂತಿಯಲ್ಲಿ ಗಂಟಿಗೆ ಸ್ಥಾನವೇ ಇಲ್ಲ! ದಾರದ ತುದಿಯನ್ನು ಹೊಲಿಗೆಯ ಕೆಳಗೇ ಅಡಗಿಸಿಬಿಡುತ್ತಾರೆ. ಗವಂತಿಯಲ್ಲಿ ಸೂಜಿ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಎಂದು ಚಿತ್ರದುದ್ದಕ್ಕೂ ಹೋಗುತ್ತದೆ. ಹೋಗುವಾಗ ಬಿಟ್ಟ ಮನೆಗಳನ್ನೆಲ್ಲ ಬರುವಾಗ ತುಂಬುತ್ತ, ಹೊರಟ ಸ್ಥಳಕ್ಕೇ ಮರಳುತ್ತದೆ. ಕೊಂಬೆಯೊಂದು ಕವಲೊಡೆದರೆ ಆ ಕವಲಿಗೂ ಹೋಗಿ ಬಂದೇ ಮುಂದುವರಿಯಬೇಕು. ಹೀಗೆ ಹೋಗಿ ಬಂದಾಗ ಬಟ್ಟೆಯ ಹಿಂಬದಿಯೂ ಮುಂಬದಿಯಂತೆಯೇ ಇರುತ್ತದೆ. ಆದುದರಿಂದಲೇ ನಮ್ಮೂರಿನ ಹಿರಿಯ ಹೆಂಗಸರ ಪರೀಕ್ಷೆ ಒಂದೇ ಮಾತಿನದು: “ತಿರುವಿ ತೋರಸು.”

ಇದೇ ಹೊಲಿಗೆಯನ್ನು ಯೂರೋಪಿನವರು ‘ಹೋಲ್ಬೈನ್ ಹೊಲಿಗೆ’ ಎನ್ನುತ್ತಾರೆ. ಹಾನ್ಸ್ ಹೋಲ್ಬೈನ್ ಹದಿನಾರನೆಯ ಶತಮಾನದ ಚಿತ್ರಕಾರ. ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಭಾವಚಿತ್ರವನ್ನು ಆತ 1536ರ ಸುಮಾರಿಗೆ ಬರೆದನು. ವಿಯೆನ್ನಾ ನಗರದಲ್ಲಿರುವ ಆ ಚಿತ್ರದಲ್ಲಿ ರಾಣಿಯ ತೋಳಿನ ತುದಿಯ ಕಪ್ಪುದಾರದ ಕುಸುರಿಯನ್ನು ಕಾಣಬಹುದು. ಅಂಥ ಕುಸುರಿಯನ್ನು ಅಷ್ಟು ಶ್ರದ್ಧೆಯಿಂದ ಚಿತ್ರಿಸಿದ್ದಕ್ಕಾಗಿ ಹೊಲಿಗೆಗೇ ಅವನ ಹೆಸರು ನಿಂತಿತು. ಒಪ್ಪತಕ್ಕದ್ದೇ. ಆದರೆ ಆ ತೋಳಿನ ಮೇಲೆ ಎಳೆಯೆಣಿಸಿ ಹೊಲಿದ ಕೈ ಯಾರದು? ಆ ಹೆಸರು ಎಲ್ಲಿಯೂ ಉಳಿಯಲಿಲ್ಲ.

ಈ ವಿಷಯದಲ್ಲಿ ನನ್ನ ಅಜ್ಜಿಯ ಪದ್ಧತಿಯೇ ಮೇಲೆಂದು ನನಗೆ ತೋರುತ್ತದೆ. ಅವಳ ಬಳಿ ಗೇಣಗಲದ ಒಂದು ಮಾದರಿ ಬಟ್ಟೆಯಿತ್ತು. ಯಾರ ಮನೆಯಲ್ಲಿ ಹೊಸ ಚಿತ್ತಾರ ಕಂಡರೂ ಎಣಿಸಿಕೊಂಡು ಬಂದು ಅದರ ಮೂಲೆಯಲ್ಲಿ ಹಾಕಿಟ್ಟುಕೊಳ್ಳುವಳು. ಆದರೆ ಒಂದನ್ನೂ ತನ್ನದೆಂದು ಹೇಳುತ್ತಿರಲಿಲ್ಲ. “ಇದು ಹುಬ್ಬಳ್ಳಿ ಅಕ್ಕನ ತೊಟ್ಟಿಲಾ, ಇದು ನರಗುಂದದ ಕಾಕೂನ ಗಿಳಿ, ಇದು ನಮ್ಮವ್ವನ ಗೋಪುರ” ಎಂದು ಬೆರಳಿಟ್ಟು ತೋರಿಸುವಳು. ಕೇಳಿದವರಿಗೆಲ್ಲ ಧಾರಾಳವಾಗಿ ಕೊಡುವಳು. ಕೊಡುವಾಗ ಚಿತ್ತಾರದ ಜೊತೆಗೆ ಹೆಸರನ್ನೂ ಕೊಡುವಳು.

ನಮ್ಮ ಎದುರು ಮನೆಯ ಅಜ್ಜಿಯದು ಬೇರೆಯ ಸ್ವಭಾವ. ಅವರು ಹಾಕುತ್ತಿದ್ದ ತೇರಿನ ಚಿತ್ತಾರಕ್ಕೆ ಓಣಿಯಲ್ಲೆಲ್ಲ ಹೆಸರಿತ್ತು. ಗಾಲಿಗಳಲ್ಲಿ ಹೂವು, ಪ್ರತಿ ಅಂತಸ್ತಿನಲ್ಲಿಯೂ ದೀಪ, ತುದಿಯಲ್ಲಿ ಕಳಸ. ಆದರೆ ಯಾರಾದರೂ ಒಳಗೆ ಬಂದರೆ ಬಟ್ಟೆಯನ್ನು ಮಡಿಸಿ ತೊಡೆಯ ಕೆಳಗಿಟ್ಟುಕೊಳ್ಳುವರು. ಅವರನ್ನು ಜಿಪುಣರೆಂದು ಆಡಿಕೊಂಡವರುಂಟು. ಅದು ನ್ಯಾಯವಲ್ಲ. ಹಿಂದೊಮ್ಮೆ ಅವರಿಂದ ಒಂದು ಚಿತ್ತಾರವನ್ನು ಎಣಿಸಿಕೊಂಡು ಹೋದವರು, ಅದು ತಮ್ಮದೇ ಕಲ್ಪನೆಯೆಂದು ನಾಲ್ಕು ಜನರ ಮುಂದೆ ಹೇಳಿ ಮೆಚ್ಚಿಗೆ ಪಡೆದಿದ್ದರಂತೆ. ಆ ನೋವು ಅವರಲ್ಲಿ ಉಳಿದಿತ್ತು. ತೇರನ್ನು ಅವರು ತಮ್ಮ ಮಗಳ ಮದುವೆಯ ಸೀರೆಗೆಂದೇ ಮೀಸಲಿಟ್ಟರು.

ನನ್ನ ಅಜ್ಜಿಗೆ ಆ ತೇರಿನ ಮೇಲೆ ಆಸೆಯಿತ್ತೆಂಬುದನ್ನು ನಾನು ಬಲ್ಲೆ. ಆದರೆ ಅವಳು ಎಂದೂ ಬಾಯಿಬಿಟ್ಟು ಕೇಳಲಿಲ್ಲ. ಪ್ರತಿ ಸಂಕ್ರಮಣಕ್ಕೂ ಎದುರು ಮನೆಗೆ ತಾನು ಮಾಡಿದ ಕಾರ್ಡನ್ನು ನನ್ನ ಕೈಯಲ್ಲಿ ಕಳುಹಿಸುತ್ತಿದ್ದಳು. ಓಣಿ ದಾಟಿದರೆ ಎದುರು ಮನೆ. ಅಲ್ಲಿಗೂ ಕಾರ್ಡೇ ಎಂದು ನಾವು ನಗುತ್ತಿದ್ದೆವು. ಒಂದು ವರ್ಷ ನಾನು ಕಾರ್ಡು ಕೊಟ್ಟು ಹಿಂದಿರುಗುವಾಗ ಆ ಅಜ್ಜಿ ನನ್ನನ್ನು ನಿಲ್ಲಿಸಿ, ಕಾಗದದಲ್ಲಿ ಸುತ್ತಿದ ಏನನ್ನೋ ಕೈಗಿತ್ತು, “ನಿಮ್ಮ ಅಜ್ಜೀಗೆ ಕೊಡು” ಎಂದರು. ಅದು ಒಂದು ಕಾರ್ಡು. ಅದರ ಮೇಲೆ ಕೆಂಪು ಹಸಿರು ದಾರಗಳಲ್ಲಿ ತೇರು ನಿಂತಿತ್ತು. ಅಜ್ಜಿ ಬಹಳ ಹೊತ್ತು ನೋಡಿದಳು, ತಿರುವಿಯೂ ನೋಡಿದಳು. ಆದರೆ ಅದನ್ನು ತನ್ನ ಮಾದರಿ ಬಟ್ಟೆಗೆ ಇಳಿಸಿಕೊಳ್ಳಲಿಲ್ಲ. “ವೈನಿ ನನಗ ಕೊಟ್ಟಾರ, ಹಂಚಲಿಕ್ಕೆ ಕೊಟ್ಟಿಲ್ಲ” ಎಂದು ಟ್ರಂಕಿನಲ್ಲಿಟ್ಟಳು. ಮರುವರ್ಷವೇ ಎದುರು ಮನೆಯ ಅಜ್ಜಿ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ನನ್ನ ಅಜ್ಜಿಯೂ ಹೊರಟುಹೋದಳು.

ಹೋದ ವರ್ಷ ಆ ಟ್ರಂಕನ್ನು ತೆಗೆದಾಗ ನನ್ನಾಕೆಯ ಕೈಗೆ ಆ ಕಾರ್ಡು ಸಿಕ್ಕಿತು. ಹುಳುಗಳು ಒಂದು ಪಾರ್ಶ್ವವನ್ನೂ ಮೇಲಿನ ತುದಿಯನ್ನೂ ತಿಂದಿದ್ದುವು. ಎದುರು ಮನೆಯ ಅಜ್ಜಿಯ ಮಗಳು ಈಗ ಪುಣೆಯಲ್ಲಿದ್ದಾರೆ. ನಾನು ಅವರನ್ನು ಮೌಶಿ ಎಂದು ಕರೆಯುವುದು. ಫೋನು ಮಾಡಿ, ಅವರ ಮದುವೆಯ ಸೀರೆಯನ್ನೊಮ್ಮೆ ನೋಡಬಹುದೇ ಎಂದು ಕೇಳಿದೆ. ಅವರು ಕ್ಷಣಕಾಲ ಸುಮ್ಮನಾದರು. ರೇಷ್ಮೆ ಮಡಿಕೆಗಳಲ್ಲಿ ಸೀಳಿತ್ತಂತೆ. ಹರೆಯದಲ್ಲಿ ಅದರ ಬೆಲೆ ತಿಳಿಯದೆ, ಮನೆಬಾಗಿಲಿಗೆ ಬಂದ ಪಾತ್ರೆಯವಳಿಗೆ ಹಾಕಿ ಒಂದು ಸ್ಟೀಲಿನ ಡಬ್ಬಿ ತೆಗೆದುಕೊಂಡಿದ್ದರಂತೆ. “ಡಬ್ಬಿ ಇನ್ನೂ ಅದ. ದಿನಾ ನೋಡತೇನಿ” ಎಂದರು.

ಹಾಗಾದರೆ ಆ ತೇರು ಉಳಿದಿದ್ದುದು ಹುಳು ತಿಂದ ಒಂದು ಕಾರ್ಡಿನ ಮೇಲೆ ಮಾತ್ರ. ಇದನ್ನು ತಿಳಿದ ಮೇಲೆ ನನ್ನಾಕೆ ಪಟ್ಟು ಹಿಡಿದು ಕುಳಿತಳು. ತೇರಿನ ಎಡ ಬಲಗಳೆರಡೂ ಒಂದೇ ತೆರನಾಗಿದ್ದುದರಿಂದ ಉಳಿದ ಪಾರ್ಶ್ವದ ರಂಧ್ರಗಳನ್ನು ಎಣಿಸಿ, ಚೌಕುಳಿ ಹಾಳೆಯ ಮೇಲೆ ಇನ್ನೊಂದು ಪಾರ್ಶ್ವವನ್ನು ಬರೆದುಕೊಂಡಳು. ಅನಂತರ ದಪ್ಪ ಕಾಗದದ ಮೇಲೆ ಆ ಹಾಳೆಯನ್ನಿಟ್ಟು ರಂಧ್ರಗಳನ್ನು ಚುಚ್ಚಿದವನು, ಮೊದಲಿನಂತೆಯೇ, ನಾನು. ಮಾಡಿನೋಡಬೇಕೆನ್ನುವ ವಾಚಕರಿಗಾಗಿ ಹೇಳುತ್ತೇನೆ: ರಂಧ್ರಗಳ ನಡುವೆ ಮೂರು ಮಿಲಿಮೀಟರುಗಳಷ್ಟಾದರೂ ಅಂತರವಿರಲಿ, ಹತ್ತಿರವಾದರೆ ಕಾಗದ ಹರಿಯುತ್ತದೆ. ಕೆಳಗೆ ದಪ್ಪ ಬಟ್ಟೆಯ ಮಡಿಕೆಯಿಟ್ಟು ರಂಧ್ರಗಳನ್ನೆಲ್ಲ ಮೊದಲೇ ಚುಚ್ಚಿಕೊಳ್ಳಿರಿ. ಕಸೂತಿದಾರದ ಆರು ಎಳೆಗಳಲ್ಲಿ ಎರಡನ್ನೇ ಬಿಡಿಸಿ ಬಳಸಿರಿ. ದಾರವನ್ನು ಬಿಗಿಯಾಗಿ ಎಳೆಯಬೇಡಿರಿ. ಬೇರೆ ಹೊಲಿಗೆಯ ಕಾರ್ಡಾದರೆ ಹಿಂಬದಿಯನ್ನು ಮುಚ್ಚಲು ಇನ್ನೊಂದು ಕಾಗದ ಅಂಟಿಸಬೇಕಾದೀತು. ಗವಂತಿ ಮುರ್ಗಿಗಳಿಗೆ ಅದು ಬೇಡ. ಅವುಗಳ ಹಿಂಬದಿಯೇ ಅವುಗಳ ಹೆಮ್ಮೆ.

ತೇರೇನೋ ಎದ್ದು ನಿಂತಿತು. ಆದರೆ ಕಳಸದ ಮೇಲೆ ಏನಿತ್ತೆಂಬುದು ಹುಳುವಿನ ಹೊಟ್ಟೆ ಸೇರಿತ್ತು. ಊಹಿಸಿ ತುಂಬಲು ನನ್ನಾಕೆಗೆ ಮನಸ್ಸಾಗಲಿಲ್ಲ. ಹಾಗೆಯೇ ಬಿಟ್ಟು, ಹಿಂದೆ ‘ಎದುರು ಮನೆಯ ಅಜ್ಜಿಯ ತೇರು’ ಎಂದು ಬರೆದು, ಸಂಕ್ರಮಣಕ್ಕೆ ಕುಸುರೆಳ್ಳಿನೊಡನೆ ಪುಣೆಗೆ ಕಳುಹಿಸಿದೆವು.

ಇಂದು ಕೈಕೆಲಸವನ್ನು ತೋರಿಸಿಕೊಳ್ಳಲು ಸುಲಭದ ದಾರಿಗಳಿವೆ. ಫೋನಿನಲ್ಲಿ ಚಿತ್ರ ತೆಗೆದು ಕಳುಹಿಸಿದರೆ ನೂರು ಜನ ನೋಡುತ್ತಾರೆ, ಅದೂ ಒಳ್ಳೆಯದೇ. ಆದರೆ ಚಿತ್ರವನ್ನು ತಿರುವಿ ನೋಡಲಾಗುವುದಿಲ್ಲ. ನಮ್ಮ ಕಸೂತಿಗೆ 2005–06ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದು ಕಾನೂನಿನ ರಕ್ಷಣೆ, ಸಂತೋಷದ ವಿಷಯ. ಕಾನೂನು ಕಸೂತಿಯ ಹೆಸರನ್ನು ಕಾಯಬಲ್ಲುದು. ಹುಬ್ಬಳ್ಳಿ ಅಕ್ಕನ ತೊಟ್ಟಿಲನ್ನೂ ನರಗುಂದದ ಕಾಕುವಿನ ಗಿಳಿಯನ್ನೂ ಕಾಯಬೇಕಾದವರು ನಾವೇ. ಬಚ್ಚಿಟ್ಟ ಚಿತ್ತಾರ ಬಟ್ಟೆಯೊಡನೆ ಹರಿದುಹೋಗುತ್ತದೆ. ಹೆಸರಿಲ್ಲದೆ ಹಂಚಿದ ಚಿತ್ತಾರ ಉಳಿದರೂ, ಕೊಟ್ಟವರ ಮನಸ್ಸು ಹರಿದಿರುತ್ತದೆ. ಕೊಡುವುದೂ ಬೇಕು, ಕೊಟ್ಟವರನ್ನು ನೆನೆಯುವುದೂ ಬೇಕು. ಮನೆಯ ಹಿರಿಯರ ಪೆಟ್ಟಿಗೆಯಲ್ಲಿ ಒಂದು ಮಾದರಿ ಬಟ್ಟೆಯಿದ್ದರೆ, ಅದರ ಒಂದೊಂದು ಚಿತ್ತಾರವೂ ಯಾರಿಂದ ಬಂತೆಂದು ಅವರು ಇರುವಾಗಲೇ ಕೇಳಿ ಬರೆದಿಡಿರಿ.

ಸಂಕ್ರಮಣದ ಮರುದಿನ ಪುಣೆಯಿಂದ ಫೋನು ಬಂತು. ಮೌಶಿ ಮೊದಲು ಕಾರ್ಡನ್ನು ತಿರುವಿ ನೋಡಿದರಂತೆ.

“ಬಹಳ ಚಂದ ಮಾಡ್ಯಾಳ. ಹಿಂದ ಮುಂದ ಎರಡೂ ಒಂದ ನಮೂನಿ. ಆದ್ರ ಮ್ಯಾಲೆ ನಿಶಾನಿ ಯಾಕ ಹಾಕಿಲ್ಲ? ನಮ್ಮವ್ವನ ತೇರಿಗೆ ನಿಶಾನಿ ಇತ್ತು. ಎಡಕ್ಕ ಹಾರತಿತ್ತು. ಸೀರಿ ಉಟ್ಟಾಗ ನನ್ನ ಕಡೆ ಹಾರಬೇಕು ಅಂತ ಹಾಗ ಹಾಕಿದ್ಲು.”

ನನ್ನಾಕೆ ಫೋನನ್ನು ಕಿವಿಗೆ ಹಿಡಿದುಕೊಂಡೇ ಚೌಕುಳಿ ಹಾಳೆಯನ್ನು ಎಳೆದುಕೊಂಡಳು. ಎಷ್ಟು ಮನೆ ಉದ್ದ, ಎಷ್ಟು ಮನೆ ಎತ್ತರ ಎಂದು ಕೇಳುತ್ತ ಬರೆದುಕೊಂಡಳು. ಅತ್ತ ಕಡೆಯಿಂದ ಮೌಶಿ, ಕಣ್ಣು ಮುಚ್ಚಿಕೊಂಡು ನೆನಪಿನಲ್ಲಿಯೇ ಎಣಿಸುತ್ತಿದ್ದರೆಂದು ತೋರುತ್ತದೆ, ನಿಧಾನವಾಗಿ ಹೇಳುತ್ತಿದ್ದರು: “ಒಂದು... ಎರಡು... ಮೂರು...”